ಬಾಂಬ್ ಗೌರವ್ವನ ಕೇಸು

ನಿಮ್ಮ ಅತ್ತೆಯ ಮೇಲೆ ನಿಮ್ಮ ದೂರುಗಳು ಏನೇನಿವೆಯೋ ನನಗೆ ಗೊತ್ತಿಲ್ಲ. ನನ್ನ ಅತ್ತೆಯ ಮೇಲಿದ್ದ ದೂರು ಮಾತ್ರ ಸಾಕ್ಷಾತ್ ಸರ್ಕಾರದ್ದು. ಸ್ಫೋಟಕ ವಸ್ತುಗಳ ಕಾಯ್ದೆ, ಕಲಂ ಐದು. ಸಾಬೀತಾದರೆ ಹತ್ತು ವರ್ಷದವರೆಗೆ ಜೈಲು.

(ಹೌದು, ಅತ್ತೆಯ ಮೇಲೆ. ಸೊಸೆಯ ಮೇಲಲ್ಲ. ಸಂಶಯವಿದ್ದರೆ ಇನ್ನೊಮ್ಮೆ ಓದಿಕೊಳ್ಳಿ.)

ಕಳೆದ ವಾರ ಹಾವೇರಿ ಕೋರ್ಟಿನಲ್ಲಿ ಆ ಕೇಸು ಮುಗಿಯಿತು. ಇಷ್ಟು ದಿನ ಈ ಅಂಕಣದಲ್ಲಿ ಅದರ ಸುದ್ದಿ ಎತ್ತಿರಲಿಲ್ಲ. ವಕೀಲರು ಬೇಡ ಅಂದಿದ್ದರು. ಕರೆಂಟಿನ ಕಾಟ, ಮಕ್ಕಳ ಪರೀಕ್ಷೆ, ಹೊಸ ಮೊಬೈಲು ಅಂತ ನಾನು ವಾರವಾರ ನಿಮಗೆ ಏನೇನೋ ಬರೆಯುತ್ತಿದ್ದಾಗ, ಬ್ಯಾಡಗಿಯ ನಮ್ಮ ಮನೆಯೊಳಗೆ ಇದು ನಡೆದಿತ್ತು. ಈಗ ಹೇಳುತ್ತೇನೆ, ಕೇಳಿ.

ನನ್ನ ಮಾವ ಬಾವಿ ತೋಡಿಸುವ ಗುತ್ತಿಗೆದಾರರಾಗಿದ್ದರು. ಅಗೆಯುತ್ತ ಹೋದಾಗ ಬಂಡೆ ಹತ್ತಿದರೆ ಅದಕ್ಕೆ ಮದ್ದು ತುಂಬಿ ಸಿಡಿಸಿ ನೀರು ಕಾಣಿಸುವುದು ಅವರ ಕೆಲಸ. ಲೈಸೆನ್ಸು ಇತ್ತು, ಹೆಸರೂ ಇತ್ತು. ಅವರು ತೀರಿಕೊಂಡ ಕೆಲವು ವಾರಗಳಿಗೆ ಅತ್ತೆ ಗೌರವ್ವ, ಗಳಗನಾಥದ ಕಡೆಗಿರುವ ನಮ್ಮ ಹೊಲದ ಕಲ್ಲಿನ ಕೋಣೆ ಸ್ವಚ್ಛ ಮಾಡಲು ಹೋದರು. ಮೂಲೆಯ ಪೆಟ್ಟಿಗೆಯಲ್ಲಿ ಜಿಲೆಟಿನ್ ಕಡ್ಡಿಗಳ ಒಂದು ಕಟ್ಟು ಉಳಿದಿತ್ತು. ಜೊತೆಗೆ ಅದನ್ನು ಸಿಡಿಸುವ ಒಂದಿಷ್ಟು ಕೇಪು.

ಪಕ್ಕದ ಹೊಲದವರು ಸುಲಭದ ದಾರಿ ಹೇಳಿದರು. "ಹೊಳ್ಯಾಗ ಒಗದ ಬಿಡ್ರಿ ಗೌರಕ್ಕ. ಯಾರಿಗೆ ಗೊತ್ತಾಗತೈತಿ?"

ಅತ್ತೆ ಒಪ್ಪಲಿಲ್ಲ. "ಮೀನ ಹಿಡ್ಯಾಕ ಮಂದಿ ಹೊಳಿಗೆ ಇಳೀತಾರ. ಯಾರದರ ಕೈಗೆ ಹತ್ತಿದ್ರ ಪಾಪ ಯಾರಿಗೆ? ಸರ್ಕಾರದ ಲೈಸೆನ್ಸಿನ ಮಾಲು, ಸರ್ಕಾರಕ್ಕ ಕೊಟ್ಟ ಬರತೇನಿ."

ಸರಿ. ಆದರೆ ನಾನಾಗಿದ್ದರೆ ಏನು ಮಾಡುತ್ತಿದ್ದೆ? ಠಾಣೆಗೆ ಫೋನು ಮಾಡಿ, ಬಂದು ಒಯ್ಯಿರಿ ಅನ್ನುತ್ತಿದ್ದೆ. ಅತ್ತೆಗೆ ಅದು ಸರಿ ಕಾಣಲಿಲ್ಲ. ಪೊಲೀಸರು ಹೊಲಕ್ಕೆ ಬಂದರೆ ಮಂದಿ ಏನಂದಾರು? ಮರ್ಯಾದಸ್ಥರ ಮನೆತನ. ಹಾಗಾಗಿ ಮರ್ಯಾದಸ್ಥರಂತೆ ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿ, ಮೇಲೆ ಒಂದು ಪದರ ಕೆಂಪು ಮೆಣಸಿನಕಾಯಿ ಹರಡಿ, ಸರ್ಕಾರಿ ಬಸ್ಸು ಹತ್ತಿದರು. ಚೀಲ ತೊಡೆಯ ಮೇಲಿಟ್ಟುಕೊಂಡು ಕೂತು ಬಂದರು. (ನೀವು ದಯವಿಟ್ಟು ಹೀಗೆ ಮಾಡಬೇಡಿ.)

ಇಳಿದದ್ದು ನಮ್ಮ ಜಿಲ್ಲೆಯ ಒಂದು ಬಸ್‌ಸ್ಟ್ಯಾಂಡಿನಲ್ಲಿ. ಊರಿನ ಹೆಸರು ಬೇಡ, ಅಲ್ಲಿ ಬೀಗರಿದ್ದಾರೆ. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬೇಡಿ ಅಂತ ಮೈಕಿನಲ್ಲಿ ಕೂಗುತ್ತಿದ್ದ ದಿನಗಳು ಅವು. ನಮ್ಮ ಚೀಲಕ್ಕೋ ವಾರಸುದಾರರು ಖುದ್ದಾಗಿ ಜೊತೆಗೇ ಇದ್ದರು. ಗೇಟಿನ ಹತ್ತಿರ ಒಬ್ಬ ಯುವ ಪೊಲೀಸ್ ನಿಂತಿದ್ದ. ದಾವಲಸಾಬ ಅಂತ, ಆಮೇಲೆ ತಿಳಿದ ಹೆಸರು.

"ತಮ್ಮಾ, ಇದನ್ನ ಯಾರ ಕಡೆ ಕೊಡಬೇಕಪಾ?" ಅತ್ತೆ ಕೇಳಿದರು.

"ಏನೈತ್ರಿ ಅದರಾಗ?"

ಅತ್ತೆ ಮೆಣಸಿನಕಾಯಿ ಸರಿಸಿ ತೋರಿಸಿದರು. ದಾವಲಸಾಬ ಬಗ್ಗಿ ನೋಡಿದ. ಒಂದು ಸೀನು ಸೀನಿದ. ಮರುಕ್ಷಣ ಅಲ್ಲಿ ದಾವಲಸಾಬ ಇರಲಿಲ್ಲ.

ಅವನ ಹಿಂದೆ ಇಡೀ ಬಸ್‌ಸ್ಟ್ಯಾಂಡೇ ಖಾಲಿಯಾಯಿತು. ಚಹದಂಗಡಿಯವನು ಸ್ಟೋವು ಆರಿಸದೆ ಓಡಿದ. ಸ್ವಲ್ಪ ಹೊತ್ತಿಗೆ ಜೀಪು ಬಂತು, ಸಾಹೇಬರು ಬಂದರು, ಹಿಂದೆಯೇ ಕ್ಯಾಮೆರಾ ಹಿಡಿದವರು ಬಂದರು, ಮೇಲಿನ ಸಾಹೇಬರ ಫೋನುಗಳು ಬಂದವು. ಇಷ್ಟೆಲ್ಲ ಗದ್ದಲ ಆದಮೇಲೆ 'ಹೆಣ್ಣುಮಗಳೊಬ್ಬರು ತಾವಾಗಿಯೇ ತಂದುಕೊಟ್ಟರು' ಅಂತ ಬರೆಯಲಾಗುತ್ತದೆಯೇ? ಅದರಲ್ಲಿ ಯಾರಿಗೆ ಶಾಭಾಸ್‌ಗಿರಿ ಸಿಗಬೇಕು?

ಅತ್ತೆಯನ್ನು ಬಂಧಿಸಿದರು.

ಜಾಮೀನು ಸಿಗುವವರೆಗೆ ಅವರು ಜೈಲಿನಲ್ಲಿದ್ದರು. ಆ ದಿನಗಳ ಬಗ್ಗೆ ನಾನು ತಮಾಷೆ ಮಾಡಲಾರೆ. ಹೊರಗೆ ಬಂದಾಗ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಆಟೋ ಹತ್ತಿದರು. ಮನೆಯಲ್ಲಿ ಮಾತಿಲ್ಲ. ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು. ಓಣಿಯಲ್ಲಿ 'ಬಾಂಬ್ ಗೌರವ್ವ' ಅನ್ನುವ ಹೆಸರು ಅಷ್ಟರಲ್ಲಿ ಹುಟ್ಟಿಕೊಂಡಿತ್ತು. ಅವರ ಕಿವಿಗೆ ಬೀಳದಿರಲಿ ಅಂತ ನಾನು ಬಾಗಿಲು ಮುಂದೆ ಮಾಡುತ್ತಿದ್ದೆ. ದಿನಾ ಓಣಿ ತುಂಬ ಮಾತಾಡುವ ಮನುಷ್ಯರು ಮೂಲೆ ಹಿಡಿದು ಕೂತರೆ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತೆ?

ಆ ಮೌನ ಮುರಿದದ್ದು ಪೊಲೀಸರ ಚಾರ್ಜ್‌ಶೀಟು.

ಅದರ ಪ್ರತಿ ಕೈಗೆ ಬಂದ ದಿನ ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದೆ. ಖಚಿತ ಮಾಹಿತಿಯ ಮೇರೆಗೆ ದಾಳಿ ಮಾಡಲಾಗಿ... ಸಂಶಯಾಸ್ಪದವಾಗಿ ನಿಂತಿದ್ದ ಆರೋಪಿತಳು ಪೊಲೀಸರನ್ನು ಕಂಡು ಓಡತೊಡಗಲಾಗಿ... ಸಿಬ್ಬಂದಿಯವರು ಬೆನ್ನಟ್ಟಿ ಹಿಡಿಯಲಾಗಿ...

"ಏನಂದಿ? ಇನ್ನೊಮ್ಮೆ ಓದವಾ," ಅಂದರು ಅತ್ತೆ.

ಓದಿದೆ.

"ನಾ ಓಡಿದ್ನಂತ?" ಅತ್ತೆ ತಮ್ಮ ಮೊಣಕಾಲು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. "ಎದ್ದು ನಿಂದ್ರಬೇಕಂದ್ರ ಗ್ವಾಡಿ ಹಿಡೀತೇನಿ. ನಾ ಓಡಿದ್ನಂತ! ಬೆನ್ನ ಹತ್ತಿ ಹಿಡದ್ರಂತ!"

ಅವರ ತುಟಿ ನಡುಗಿತು. ಅಳುತ್ತಾರೆ ಅಂದುಕೊಂಡೆ. ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನನಗೂ ಹತ್ತಿಕೊಂಡಿತು. ಬ್ಯಾಂಕಿನಿಂದ ಬಂದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತು, ಇಬ್ಬರಿಗೂ ಹುಚ್ಚು ಹಿಡಿಯಿತು ಅಂತ ಗಾಬರಿಯಾದರು. ಆ ರಾತ್ರಿ ಅತ್ತೆ ಹೊಟ್ಟೆ ತುಂಬ ಉಂಡರು.

ನಮ್ಮ ವಕೀಲರು ರಾಣೆಬೆನ್ನೂರಿನವರು. ಒಳ್ಳೆಯ ಮನುಷ್ಯ, ಆದರೆ ವ್ಯವಹಾರಸ್ಥ. "ಅಮ್ಮಾರ, ತಪ್ಪಾತು ಅಂತ ಒಪ್ಪಿಕೊಂಡ್ರ ಸಣ್ಣ ಸೆಕ್ಷನ್ನಿಗೆ ಇಳಿಸಾಕ ನೋಡಬಹುದು. ದಂಡ ಕಟ್ಟಿ ಕೈ ತೊಳಕೋಬಹುದು," ಅಂದರು.

ಅತ್ತೆ ಕೇಳಿದರು, "ಒಪ್ಪೋದಂದ್ರ ಏನೇನ ಒಪ್ಪಬೇಕ್ರಿ?"

"ಎಲ್ಲಾನೂ."

"ಮದ್ದು ನನ್ನ ಕೈಯಾಗಿತ್ತು, ಖರೇ. ಅದನ್ನ ನೂರು ಸಲ ಒಪ್ಪತೇನಿ. ಓಡಿದ್ದು ಒಪ್ಪಂಗಿಲ್ಲ. ಕದ್ದವರು ಓಡತಾರ."

ನಮ್ಮ ಯಜಮಾನರು ಕೈ ಮುಗಿದರು. "ಅವ್ವಾ, ಹತ್ತು ವರ್ಷ ಅಂತ ಬರದೈತಿ."

"ಬರದದ್ದೆಲ್ಲಾ ಖರೇ ಆಗಿದ್ರ, ನಾ ಓಡಿದ್ದೂ ಖರೇನ?"

ಮನೆಯಲ್ಲಿ ಎರಡು ಪಕ್ಷವಾಯಿತು. ತಾಯಿ ಮತ್ತೆ ಜೈಲು ಕಾಣಬಾರದು ಅನ್ನುವುದು ಮಗನ ಹಟ. ಅದರಲ್ಲಿ ತಪ್ಪೇನಿತ್ತು? ನಾನು ಅತ್ತೆಯ ಪಕ್ಷ ಹಿಡಿದೆ. (ಮದುವೆಯಾದಾಗಿನಿಂದ ಇದೇ ಮೊದಲು.) ಆದರೆ ಧೈರ್ಯವಿತ್ತು ಅಂತ ಸುಳ್ಳು ಹೇಳುವುದಿಲ್ಲ. ಪ್ರತಿ ತಾರೀಖಿಗೂ ಹಾವೇರಿ ಬಸ್ಸಿನಲ್ಲಿ ಕೂತು, ಹತ್ತು ವರ್ಷ ಕಳೆದರೆ ಅತ್ತೆಗೆ ಎಷ್ಟು ವಯಸ್ಸಾಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ.

ಇಂಥ ಕೇಸು ನಡೆಸುವ ಮೊದಲು ಜಿಲ್ಲಾಧಿಕಾರಿಗಳ ಒಪ್ಪಿಗೆ ಬೇಕಂತೆ. ಅದಕ್ಕೊಂದಿಷ್ಟು ಕಾಲ. ಮದ್ದಿನ ಪರೀಕ್ಷೆಯ ವರದಿ ಬರಲಿಕ್ಕೆ ಇನ್ನೊಂದಿಷ್ಟು. ಗೌರವ್ವನ ಕೇಸಿಗೆ ಡಿಸಿ ಸಾಹೇಬರ ಸಹಿ ಬೇಕಾಯಿತು ಅಂತ ತಿಳಿದಾಗ ಓಣಿಯಲ್ಲಿ ಅತ್ತೆಯ ವರ್ಚಸ್ಸು ಏರಿಬಿಟ್ಟಿತು. ಅಷ್ಟರಲ್ಲಿ ಅತ್ತೆಯೇ ತರಕಾರಿಯವಳಿಗೆ ಹೇಳತೊಡಗಿದ್ದರು, "ಲಗೂ ತೂಕ ಮಾಡ, ನಾ ಬಾಂಬ್ ಗೌರವ್ವ ಅದೇನಿ." ನಾನು ಬಾಗಿಲು ಮುಂದೆ ಮಾಡುವುದನ್ನು ಬಿಟ್ಟೆ.

ಕೊನೆಗೆ ಸಾಕ್ಷಿ ವಿಚಾರಣೆ. ಕಟಕಟೆಗೆ ದಾವಲಸಾಬ ಬಂದ. ನ್ಯಾಯಾಧೀಶರು ಮೈಸೂರು ಕಡೆಯವರು. ಅತ್ತೆಯ ಮೊಣಕಾಲು ನೋಡಿ ಕೂರಲು ಸ್ಟೂಲು ಕೊಡಿಸಿದ್ದರು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ದಾವಲಸಾಬ ಬಾಯಿಪಾಠ ಒಪ್ಪಿಸಿದ. ದಾಳಿ ಮಾಡಿದೆವು. ಓಡಿದಳು. ಹಿಡಿದೆವು. ಕಣ್ಣು ಮಾತ್ರ ನೆಲ ಬಿಟ್ಟು ಮೇಲೇಳಲಿಲ್ಲ.

ನಮ್ಮ ವಕೀಲರು ಎದ್ದರು. "ಅಮ್ಮಾರು ಯಾವ ದಿಕ್ಕಿಗೆ ಓಡಿದ್ರು?"

ದಾವಲಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಎಷ್ಟು ದೂರ ಓಡಿದ್ರು?"

ಟೊಪ್ಪಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಬೆನ್ನ ಹತ್ತಿದವರು ಯಾರು? ನೀವನ?"

"ಉತ್ತರ ಹೇಳಪ್ಪಾ," ಅಂದರು ನ್ಯಾಯಾಧೀಶರು.

ದಾವಲಸಾಬ ತಲೆ ಎತ್ತಿದ. ಸ್ಟೂಲಿನ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದ ಅತ್ತೆಯನ್ನು ನೋಡಿದ. ಅವನ ಸಾಹೇಬರು ಹಿಂದಿನ ಬೆಂಚಿನಲ್ಲೇ ಇದ್ದರು.

"ಓಡಿದ್ದು ನಾನ್ರಿ ಸಾಹೇಬ್ರ."

"ಏನು?"

"ಅಮ್ಮಾರು ಎಲ್ಲೂ ಓಡಿಲ್ರಿ. ತಾವಾ ಬಂದು ಚೀಲಾ ತಗದು ತೋರಿಸಿದ್ರು. ನಾನಾ ಅಂಜಿ ಓಡೀನ್ರಿ. ಅಮ್ಮಾರು 'ತಮ್ಮಾ ನಿಂದ್ರೋ, ಕಾಲ ನೋಯಾಕತ್ತಾವು' ಅಂತ ಚೀಲಾ ಹಿಡಕೊಂಡು ನನ್ನ ಹಿಂದ ಬಂದ್ರು. ಅದನ್ನ ನೋಡಿ ನಾ ಇನ್ನೂ ಜೋರ ಓಡೀನ್ರಿ."

ನಮ್ಮ ವಕೀಲರು ಕೈಯಲ್ಲಿದ್ದ ಕಾಗದ ತಿರುವಿ ನೋಡಿದರು. "ಅಂದ್ರ... ಆರೋಪಿನೇ ಪೊಲೀಸರನ್ನ ಬೆನ್ನಟ್ಟಿದ್ರು ಅಂತೀರಿ?"

"ಹೌದ್ರಿ. ಖರೇ."

ನ್ಯಾಯಾಧೀಶರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು. ಫೈಲು ಅಲುಗುತ್ತಿತ್ತು. ಬೆರಳಚ್ಚುಗಾರರು ಬೆರಳು ನಿಲ್ಲಿಸಿದರು. ಸರ್ಕಾರಿ ವಕೀಲರು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಇಡೀ ಕೋರ್ಟು ನಕ್ಕಿತು. ನಗದೆ ಇದ್ದವರು ಇಬ್ಬರೇ. ಹಿಂದಿನ ಬೆಂಚಿನ ಸಾಹೇಬರು, ಮತ್ತೆ ನಮ್ಮ ಯಜಮಾನರು. ಅವರು ಅಳುತ್ತಿದ್ದರು.

ಆಮೇಲೆ ನ್ಯಾಯಾಧೀಶರು ಅತ್ತೆಯನ್ನೇ ಕೇಳಿದರು. "ಬಚ್ಚಿಡೋ ಉದ್ದೇಶ ಇಲ್ಲದಿದ್ರೆ ಮೇಲೆ ಮೆಣಸಿನಕಾಯಿ ಯಾಕೆ ಹಾಕಿದ್ರಿ ತಾಯಿ?"

"ಬಸ್ಸಿನ್ಯಾಗ ಮಂದಿ ಅಂಜಬಾರದಂತ್ರಿ ಸಾಹೇಬ್ರ. ಮದ್ದು ನೋಡಿದ್ರ ಅಂಜತಾರ. ನಮ್ಮ ಕಡೆ ಮೆಣಸಿನಕಾಯಿ ನೋಡಿ ಯಾರ ಅಂಜತಾರ್ರಿ?"

ಕಳೆದ ವಾರ ತೀರ್ಪು ಬಂತು. ಲೈಸೆನ್ಸುದಾರ ಸತ್ತಮೇಲೆ ಉಳಿದ ಮಾಲನ್ನು ಆತನ ಹೆಂಡತಿ ತಾನಾಗಿಯೇ ಪೊಲೀಸರಿಗೆ ಒಪ್ಪಿಸಲು ಬಂದಿದ್ದಾಳೆ, ಇದರಲ್ಲಿ ಸಂಶಯ ಪಡುವಂಥದ್ದು ಏನೂ ಸಾಬೀತಾಗಿಲ್ಲ, ಬಿಡುಗಡೆ. ಬಸ್ಸಿನಲ್ಲಿ ತಂದದ್ದಕ್ಕೆ ಮಾತ್ರ ನ್ಯಾಯಾಧೀಶರು ಗದರಿಸಿದರು. ಅತ್ತೆ ಕಿವಿ ಮುಟ್ಟಿಕೊಂಡು ತಪ್ಪೊಪ್ಪಿಕೊಂಡರು. ಆದರೂ ಅಲ್ಲಿಂದ ಕದಲಲಿಲ್ಲ.

"ಸಾಹೇಬ್ರ, ನಾ ಓಡಿದ್ನಿ ಅಂತ ಬರದದ್ದು?"

"ಹೊಡೆದು ಹಾಕಿದ್ದೀನಿ ತಾಯಿ. ನೆಮ್ಮದಿಯಾಗಿ ಮನೆಗೆ ಹೋಗಿ."

ಹೊರಗೆ ಬೇವಿನ ಗಿಡದ ಕೆಳಗೆ ದಾವಲಸಾಬ ನಿಂತಿದ್ದ. ಅತ್ತೆ ನೇರವಾಗಿ ಅವನ ಹತ್ತಿರ ಹೋದರು. "ನೌಕರಿಗೆ ಏನರ ತ್ರಾಸ ಆತೇನೋ ತಮ್ಮಾ?"

"ಒಂದು ಮೆಮೊ ಬಂದೈತ್ರಿ. ಇನ್ನೊಂದು ಬರಾಕತ್ತೈತಿ," ಅಂತ ನಕ್ಕ.

"ಹಂಗಾರ ಯಾಕ ಹೇಳಿದೆಪಾ?"

ದಾವಲಸಾಬ ಕತ್ತು ತುರಿಸಿಕೊಂಡ. "ನಾ ಓಡಿದ್ದನ್ನ ಮನ್ಯಾಗ ಹೇಳಿಹೇಳಿ ನಗತಿದ್ನಿರಿ. ಕೋರ್ಟಿಗೆ ಬರೋ ದಿನ ನನ್ನ ಹೆಂಡ್ತಿ ಕೇಳಿದ್ಲು, ಮನ್ಯಾಗ ನಕ್ಕೊಂತ ಹೇಳೋ ಮಾತು ಅಲ್ಲಿ ಹೇಳಾಕ ಏನ ನಾಚಿಕಿ ಅಂತ. ನನಗ ಉತ್ತರ ಸಿಗಲಿಲ್ರಿ."

ಇದನ್ನು ಬರೆಯುವಾಗ ಯೋಚಿಸಿದೆ. ಮನೆಯಲ್ಲಿ ನಾವೆಲ್ಲ ಎಷ್ಟು ಸಲೀಸಾಗಿ ಸತ್ಯ ಹೇಳುತ್ತೇವೆ! ಇವತ್ತು ಆಫೀಸಿನಲ್ಲಿ ನಾನೇ ಎಡವಟ್ಟು ಮಾಡಿದೆ, ಹೆದರಿ ನಡುಗಿದೆ ಅಂತ ಊಟದ ಹೊತ್ತಿಗೆ ಹೇಳಿ ನಗಿಸುತ್ತೇವೆ. ಅದೇ ಮಾತನ್ನು ಹೊಸಿಲಾಚೆ ಹೇಳಬೇಕಾದರೆ 'ಆರೋಪಿತಳು ಓಡತೊಡಗಲಾಗಿ' ಅನ್ನುವ ಭಾಷೆ ಬಂದುಬಿಡುತ್ತದೆ. ಅಲ್ಲವೆ?

ಮೊನ್ನೆ ಭಾನುವಾರ ಅತ್ತೆ ದಾವಲಸಾಬನನ್ನು ಹೆಂಡತಿ ಸಮೇತ ಊಟಕ್ಕೆ ಕರೆದಿದ್ದರು. ಆಕೆ ನನ್ನ ಅತ್ತೆಯ ಜೊತೆ ಒಲೆಯ ಮುಂದೆ ಕೂತು ಹೋಳಿಗೆ ತಟ್ಟುವುದನ್ನು ಕಲಿತಳು. ಗಂಡ ಬಸ್‌ಸ್ಟ್ಯಾಂಡಿನಲ್ಲಿ ಹೇಗೆ ಓಡಿದ ಅಂತ ಕೈಕಾಲು ಆಡಿಸಿ ತೋರಿಸಿದಳು. ನಮ್ಮ ಯಜಮಾನರು ನೀರು ಕುಡಿಯುತ್ತಿದ್ದವರು ನೆತ್ತಿಗೇರಿಸಿಕೊಂಡರು. ದಾವಲಸಾಬ ತುಪ್ಪ ಸುರಿದ ಹೋಳಿಗೆಯನ್ನು ಶ್ರದ್ಧೆಯಿಂದ ಮುಗಿಸುತ್ತಿದ್ದ.

ಸರ್ಕಾರದ ಮುಖ್ಯ ಸಾಕ್ಷಿ ಆರೋಪಿಯ ಮನೆಯಲ್ಲಿ ಕೂತು 'ಇನ್ನೊಂದು ಹೋಳಿಗಿ ಹಾಕ್ರಿ ಅಮ್ಮಾರ' ಅಂದರೆ, ಹೇಳಿ, ಅದಕ್ಕೆ ಯಾವ ಸೆಕ್ಷನ್ನು ಹಚ್ಚುತ್ತೀರಿ?