ಎಣ್ಣಿ ಕುಡಿದ ಡೊಳ್ಳು

ಇವತ್ತು ಮುಂಜಾನೆ ಮೊಮ್ಮಗ ಕೊಬ್ಬರಿ ಎಣ್ಣಿ ಬಾಟಲಿ ಹಿಡಕೊಂಡು ನಮ್ಮ ಹಳೇ ಡೊಳ್ಳಿನ ಮುಂದ ಕುಂತಿದ್ದ. ಆ ವಾಸನಿ ಮೂಗಿಗೆ ಬಡಿದದ್ದೇ ತಡ, ನಾನೂ ಅವನಷ್ಟೇ ಸಣ್ಣಾವ ಆಗಿಬಿಟ್ಟೆ.

ನಮ್ಮ ಬಿಳೂರಾಗ ನನ್ನಂಗ ಡೊಳ್ಳು ಬಾರಿಸೋರು ಈಗೂ ಇಲ್ಲ ಬಿಡ್ರಿ. ಆದ್ರ ಮೊದಲನೇ ಸಲ ಕರಜಗಿ ಮೇಳದವರ ಎದುರು ಬಾರಿಸೋ ದಿನ, ಡೊಳ್ಳು ಮಿರಿಮಿರಿ ಹೊಳೀಲಿ ಅಂತ ಚರ್ಮಕ್ಕ ಅರ್ಧ ಬಾಟಲಿ ಎಣ್ಣಿ ತಿಕ್ಕಿದ್ದೆ. ಬಡಿದು ನೋಡಿದ್ರ ಒದ್ದಿ ಕಂಬಳಿ ಬಡಿದಂಗ ‘ಧಪ್’ ಅಂತು.

ನಮ್ಮ ಅಜ್ಜ ಕಿವಿ ಹಚ್ಚಿ ಕೇಳಿದ. “ಈ ಆಡು ಸತ್ತು ಹತ್ತು ವರ್ಸ ಆಗಿತ್ತಲೇ. ಇವತ್ತ ನೀ ಮತ್ತೊಮ್ಮೆ ಕೊಂದಿ.”

ನನಗ ಅಳು ಬಂತು. “ಹಂಗಾದ್ರ ನಾ ಬಾರಿಸೂದಿಲ್ಲೇನು?”

“ಬಾಯಿ ಮುಚ್ಚು. ಒಲಿಯಾಗಿನ ಬೂದಿ ತಾ.”

ಬಿಸಿ ಬೂದಿ ಚೆಲ್ಲಿ ನನ್ನ ಅಂಗೈಲೇ ತಿಕ್ಕಿಸಿದ. ಒರೆಸಿ ಮತ್ತ ಚೆಲ್ಲಿದ. ಕೈ ಉರಿದ್ರೂ ಬಿಡಲಿಲ್ಲ. ಬೂದಿ ಎಣ್ಣಿ ಹೀರಿದ ಮ್ಯಾಲ ಜ್ವಾಳದ ಕಣಕಿ ಉರಿಗೆ ಡೊಳ್ಳು ಹಿಡಿದು, ಬೆರಳಿಲೆ ತಟ್ಟಿ ತಟ್ಟಿ ಕೇಳಿದ. ಕಡೀಕೆ ಅದು ‘ಢಣ್’ ಅಂತು. ಅಜ್ಜ ನಕ್ಕು ನನ್ನ ಕೊರಳಿಗೆ ಹಾಕಿದ.

ಆಟ ಮುಗಿದ ಮ್ಯಾಲ ಕರಜಗಿ ಹಿರಿಯರೊಬ್ರು, “ಭಾಳ ಚಲೋ ನುಡೀತೈತಿ, ಚರ್ಮಕ್ಕ ಏನ್ ಹಚ್ಚೀಯೋ ತಮ್ಮಾ?” ಅಂತ ಕೇಳಿದ್ರು.

“ಕೊಬ್ಬರಿ ಎಣ್ಣಿರೀ” ಅಂದೆ.

“ಅಜ್ಜಾ, ಹಚ್ಚಲೇನು?” ಅಂದ ಮೊಮ್ಮಗ, ಬಾಟಲಿ ಎತ್ತಿ ಹಿಡಿದು. ಒಲಿಯಾಗ ಬೂದಿ ಐತೇನಂತ ನೋಡಿದೆ. ಬೇಕಾದಷ್ಟಿತ್ತು.

“ಹಚ್ಚಪಾ” ಅಂದೆ.