ಗೇಟಿನ ಕೆಳಗಿನ ಆಮೆ

ದಢೇಸುಗೂರಿಗೆ ಹೊರಟಿದ್ದ ನನ್ನ ಆಟೋ ತುರ್ವಿಹಾಳದ ಕಾಲುವೆ ಬಳಿ ನಿಂತಿತ್ತು. ನೀರು ಬಿಡಲು ಗೇಟು ಎತ್ತಬೇಕಿದ್ದ ಹುಸೇನಸಾಬರು ಕೆಳಗಿನ ಗುಂಡಿಯನ್ನೇ ನೋಡುತ್ತಿದ್ದರು. ನದಿಯ ದೊಡ್ಡ ಆಮೆಯೊಂದು ಅಲ್ಲಿ ಸಿಕ್ಕಿಕೊಂಡಿತ್ತು. ನೀರು ನುಗ್ಗಿದರೆ ಕಲ್ಲಿಗೆ ಬಡಿದು ಸಾಯುತ್ತಿತ್ತು. ನಾಲ್ಕು ದಿನದಿಂದ ನೀರಿಗೆ ಕಾದಿದ್ದ ಬಸಮ್ಮ ದಂಡೆಯ ಮೇಲಿದ್ದರು. ಅವರ ಭತ್ತದ ಗದ್ದೆ ಬಿರುಕು ಬಿಟ್ಟಿತ್ತು.

“ಏನ್ ಮಾಡ್ಲಿ, ಅಕ್ಕಾ?” ಎಂದರು ಹುಸೇನಸಾಬರು.

“ತಡೀರಿ ಅಣ್ಣಾ. ಇಷ್ಟು ದಿನ ಕಾದೀನಿ, ಇನ್ನೊಂದೀಟು ಕಾಯ್ತೀನಿ,” ಎಂದು ಬಸಮ್ಮನೇ ಸೀರೆ ಎತ್ತಿಕಟ್ಟಿ ಗುಂಡಿಗಿಳಿದರು.

ಮೂವರೂ ಸೇರಿ ಆಮೆಯನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ಆಟೋಗೆ ಏರಿಸಿದೆವು.

“ಹೊಳಿಗೆ ಬಿಡ್ರಿ. ಬಿಸಲಾಗ ಒಣಗ್ತೈತಿ, ನೀರ್ ಹಾಕ್ಕೋತ ಹೋಗ್ರಿ,” ಎಂದು ಬಸಮ್ಮ ತಮ್ಮ ಕುಡಿಯುವ ನೀರಿನ ಬಾಟಲಿ ಕೊಟ್ಟರು.

ಹಿಂದೆ ಗೇಟು ಏಳುವ ಸದ್ದು ಕೇಳಿತು. ದಢೇಸುಗೂರಿನಲ್ಲಿ ತುಂಗಭದ್ರೆಗಿಳಿದ ಆಮೆ ಮೂಗೆತ್ತಿ ಒಮ್ಮೆ ಉಸಿರಾಡಿ ಮುಳುಗಿತು.