ಯಾವ ಆಯ್ತು?

ಮೊದಲು ನಮಸ್ಕಾರ. ನನ್ನ ನಾಲಿಗೆಗೆ ಅಕ್ಷರವನ್ನೂ ಅಕ್ಷರಕ್ಕೆ ಅರ್ಥವನ್ನೂ ಕೊಟ್ಟ ಗುರುಗಳಿಗೆ. ಕುಡಿಯುವ ನೀರಾಗಿ, ಮೀಯುವ ನೀರಾಗಿ ಇಷ್ಟು ಮಳೆಗಾಲಗಳು ನನ್ನನ್ನು ಸಾಕಿದ ಕಾವೇರಿ ತಾಯಿಗೆ. ನಮ್ಮ ಮನೆದೇವರಾದ ಶಿವನಿಗೆ. ಪರಸ್ಥಳದಲ್ಲಿ ಹಸಿದಾಗ ಅನ್ನವಿಟ್ಟ ತಾಯಂದಿರಿಗೆ, ಅವರಲ್ಲಿಯೂ ಒಬ್ಬರಿಗೆ ವಿಶೇಷವಾಗಿ. ಕೃತಜ್ಞತೆಯನ್ನು ಮೊದಲೇ ಹೇಳಿ ಮುಗಿಸುತ್ತಿದ್ದೇನೆ. ಮುಂದೆ ಬರೆಯಲಿರುವುದರಲ್ಲಿ ಸಿಟ್ಟೇ ಹೆಚ್ಚು, ಸಿಟ್ಟು ಬಂದ ಮೇಲೆ ಕೈಮುಗಿಯುವುದು ನೆನಪಾಗುವುದಿಲ್ಲ.

ಮೊನ್ನೆ ಮಧ್ಯಾಹ್ನ ಕುಶಾಲನಗರದಿಂದ ಒಬ್ಬ ಯುವ ವಕೀಲೆ ನಮ್ಮ ಮನೆಗೆ ಬಂದಿದ್ದರು. ವ್ಯಾಜ್ಯಗಳನ್ನು ನ್ಯಾಯಾಲಯದ ಹೊರಗೆ ಬಗೆಹರಿಸುವವರಿಗಾಗಿ ತರಬೇತಿ ನಡೆಯುತ್ತದಂತೆ. ಹಿಂದಿನ ಕಾಲದ ಮಧ್ಯಸ್ಥರು ಹೇಗೆ ಕೆಲಸ ಮಾಡುತ್ತಿದ್ದರೆಂದು ಹಿರಿಯರಿಂದ ಬರೆಸಿ ಹಂಚುತ್ತಾರಂತೆ. ನಾನು ನಾಲ್ಕಾರು ಊರುಗಳ ಜಗಳಗಳಲ್ಲಿ ಕೂತು ಎದ್ದವನೆಂದು ಯಾರೋ ಹೇಳಿದ್ದರು. ಅಚ್ಚು ಹಾಕಿದ ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ಮೊದಲ ಸಾಲು, ‘ಮಧ್ಯಸ್ಥರ ಹಿನ್ನೆಲೆ’. ಎರಡನೆಯದು, ‘ಅನುಸರಿಸುವ ವಿಧಾನ’.

“ಎರಡು ದಿನದಲ್ಲಿ ಬರೆದುಕೊಡ್ತೀರಾ, ಅಜ್ಜಾರೆ?” ಎಂದು ಕೇಳಿದರು.

ನನಗೆ ಮಲಗುವ ಹೊತ್ತಾಗಿತ್ತು. ಆ ಹುಡುಗಿ ಎದ್ದು ಹೋದರೆ ಸಾಕೆನ್ನಿಸಿತ್ತು. “ಆಯ್ತು,” ಎಂದೆ. ಅವರು ಅದನ್ನು ಒಪ್ಪಿಗೆಯೆಂದು ತೆಗೆದುಕೊಂಡು ಸಂತೋಷದಿಂದ ಹೊರಟರು. ನನಗೆ ನಿದ್ದೆ ಬರಲಿಲ್ಲ. ನನ್ನ ಬಾಯಿಂದ ಬಿದ್ದ ಆ ಒಂದು ಮಾತು ಐವತ್ತು ವರ್ಷಕ್ಕೂ ಹಿಂದಿನ ಒಂದು ಭಾನುವಾರವನ್ನು ಎಳೆದು ತಂದು ಮಂಚದ ಪಕ್ಕದಲ್ಲಿ ನಿಲ್ಲಿಸಿತು.

ಕನ್ನಡದಲ್ಲಿ ಇದಕ್ಕಿಂತ ಅಪಾಯದ ಶಬ್ದವನ್ನು ನಾನು ಕಾಣೆ. ಉಂಡೆದ್ದವನು ಆಯ್ತು ಎಂದರೆ ತೃಪ್ತಿ. ಕೆಲಸ ಹೇಳಿದಾಗ ಆಯ್ತು ಎಂದರೆ ಒಪ್ಪಿಗೆ. ಬೈಯುತ್ತಿರುವವನಿಗೆ ಆಯ್ತು ಎಂದರೆ, ಇನ್ನು ಬಾಯಿ ಮುಚ್ಚು. ರೋಗಿಯ ಕೋಣೆಯಿಂದ ವೈದ್ಯರು ಹೊರಬಂದು ಆಯ್ತು ಎಂದರೆ ಮನೆಯವರೆಲ್ಲ ಅಳಬೇಕು. ವ್ಯಾಕರಣಕ್ಕೆ ಮಾತ್ರ ಇವೆಲ್ಲವೂ ಒಂದೇ: ಆಗು ಎಂಬ ಧಾತು, ಭೂತಕಾಲ, ಏಕವಚನ, ನಪುಂಸಕಲಿಂಗ. ಮಠದಲ್ಲಿ ಐದು ವರ್ಷ ಕೂತು ನಾನು ಕಲಿತದ್ದು ಅಷ್ಟನ್ನೇ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಉತ್ತರ ಕೊಡಗಿನವನಾದ ನನ್ನನ್ನು ಪಶ್ಚಿಮದ ಒಂದು ಗುಡ್ಡದೂರಿನ ಶಾಲೆಗೆ ಕನ್ನಡ ಪಂಡಿತನನ್ನಾಗಿ ಹಾಕಿದರು. ಅಲ್ಲಿಯವರದು ಅರೆಭಾಷೆ. ನನ್ನ ಮಾತಿನಲ್ಲಿ ಹಾಸನದ ಕಡೆಯ ರಾಗ. ನಾನು ಬಾಯಿ ತೆರೆದರೆ ಮಕ್ಕಳು ನಗುತ್ತಿದ್ದರು, ಅವರು ಉಂಟು ಎನ್ನುವಲ್ಲಿ ‘ಉಟ್ಟು’ ಎಂದರೆ ನಾನು ಬೆತ್ತ ಹುಡುಕುತ್ತಿದ್ದೆ. ಆ ಗುಡ್ಡಗಳ ನಡುವೆ ಶುದ್ಧ ಕನ್ನಡವನ್ನು ಸ್ಥಾಪಿಸುವುದಕ್ಕಾಗಿಯೇ ಶಿವನು ನನ್ನನ್ನು ಸೃಷ್ಟಿಸಿದ್ದಾನೆಂದು ಆಗ ನಾನು ನಂಬಿದ್ದೆ.

ಶಾಲೆಯ ಮೇಲಿನ ಗುಡ್ಡದಲ್ಲಿ ಚಿನ್ನಮ್ಮಕ್ಕನ ಮನೆ. ಅವರು ಗೌಡರ ಮನೆಯ ಸೊಸೆ, ಮಕ್ಕಳಿಲ್ಲ. ಮನೆಯಿಂದ ಒಂದು ಓಣಿ ಇಳಿದು ಅವರ ಗದ್ದೆಗೆ ಬರುತ್ತಿತ್ತು, ಗದ್ದೆ ದಾಟಿದರೆ ನಮ್ಮ ಶಾಲೆ. ನಾನು ಲಿಂಗ ಕಟ್ಟಿದವನು, ಮಾಂಸ ಮುಟ್ಟುವವನಲ್ಲ ಎಂದು ತಿಳಿದ ದಿನದಿಂದ ಅವರು ನನಗಾಗಿಯೇ ಒಂದು ಹಿತ್ತಾಳೆ ಚೊಂಬನ್ನು ಬೇರೆ ತೆಗೆದಿರಿಸಿ, ಗದ್ದೆಗೆ ಇಳಿಯುವಾಗ ಅದರಲ್ಲಿ ಮೊಸರು ತಂದುಕೊಡುತ್ತಿದ್ದರು. ಕಾಲು ಗಂಟೆಯ ಓಣಿ. ಮೊಸರು ತಣ್ಣಗೇ ಇರುತ್ತಿತ್ತು.

ನಾನು ಹೋದ ಮರುವರ್ಷ ಅವರ ಗಂಡ ಜ್ವರ ಬಂದು ತೀರಿಕೊಂಡರು. ಬೆಳಗಿನ ಪ್ರಾರ್ಥನೆ ಮುಗಿದಿತ್ತಷ್ಟೆ. ಚಿನ್ನಮ್ಮಕ್ಕ ಓಣಿ ಇಳಿದು ಬಂದು ಶಾಲೆಯ ಬಾಗಿಲಲ್ಲಿ ನಿಂತು, “ಆಯ್ತು ಮಾಷ್ಟ್ರೆ,” ಎಂದರು. ದನಿ ಏರಲಿಲ್ಲ, ಇಳಿಯಲಿಲ್ಲ; ಬಾವಿಯಿಂದ ಕೊನೆಯ ಕೊಡ ಎಳೆದು ಹಗ್ಗ ಸುತ್ತಿಟ್ಟವರ ಹಾಗಿತ್ತು. ಓದುಗರೇ, ಆ ದನಿಯನ್ನು ದಯವಿಟ್ಟು ನೆನಪಿನಲ್ಲಿಡಿ. ನಾನು ಇಡಬೇಕಾಗಿತ್ತು, ಇಡಲಿಲ್ಲ.

ಆಮೇಲೆ ಅವರು ಆ ಗದ್ದೆಯನ್ನು ತಾವೇ ಮಾಡಿದರು. ನಾಟಿಗೆ ಕಿತ್ತ ಅಗೆಯ ಕಟ್ಟು, ಗೊಬ್ಬರದ ಬುಟ್ಟಿ, ಹುಲ್ಲಿನ ಹೊರೆ, ಎಲ್ಲವೂ ತಲೆಯ ಮೇಲೆ, ಆ ಓಣಿಯಲ್ಲೇ. ಓಣಿ ಹಾದುಹೋಗುತ್ತಿದ್ದದ್ದು ಮೈದುನ ಬೆಳ್ಯಪ್ಪನ ಜಾಗದಲ್ಲಿ. ಇವನನ್ನು ನಾನು ಏಕವಚನದಲ್ಲಿಯೇ ಕರೆಯುತ್ತೇನೆ, ಕ್ಷಮಿಸಬೇಕು. ಇವನು ಐದೆಕರೆ ಕಾಫಿ ನೆಟ್ಟು ಅದನ್ನು ಎಸ್ಟೇಟ್ ಎನ್ನತೊಡಗಿದ್ದ. ಎಸ್ಟೇಟ್ ಎಂದಮೇಲೆ ಬೇಲಿ ಬೇಕು, ಬೇಲಿ ಎಂದಮೇಲೆ ಓಣಿ ಇರಬಾರದು. ಅತ್ತಿಗೆ ಸುತ್ತು ರಸ್ತೆಯಲ್ಲಿ ಬರಲಿ ಎಂದ. ಸುತ್ತು ರಸ್ತೆ ಮೂರು ಮೈಲಿ. ತಲೆಯ ಮೇಲೆ ಹೊರೆ ಹೊತ್ತು ದಿನಕ್ಕೆ ಹತ್ತು ಸಲ ಮೂರು ಮೈಲಿ ನಡೆಯುವ ಹೆಂಗಸು ಯಾವ ಲೋಕದಲ್ಲಿದ್ದಾಳೆ? ಓಣಿ ಹೋದರೆ ಗದ್ದೆ ಅವನ ಕೈಗೆ, ಗದ್ದೆ ಹೋದರೆ ಚಿನ್ನಮ್ಮಕ್ಕ ಅವನು ಅಳೆದುಕೊಟ್ಟ ಭತ್ತ ತಿನ್ನುವವಳು. ಇದು ಊರಿಗೆಲ್ಲ ಗೊತ್ತಿತ್ತು.

ಊರಿನ ಜಗಳ ಕೇಳುವವರು ಪಳಂಗಪ್ಪಜ್ಜ, ಊರ ತಕ್ಕರು, ಎಂದರೆ ಹಿರಿಯ ಮುಖಂಡರು. ‘ಮಧ್ಯಸ್ಥರ ಹಿನ್ನೆಲೆ’ ಎಂದು ಈ ಹಾಳೆ ಕೇಳುತ್ತದಲ್ಲ, ಅವರ ಹಿನ್ನೆಲೆ ಇಷ್ಟು: ಅಕ್ಷರ ಬಾರದು, ದನಗಳ ಮುರಿದ ಕಾಲು ಕಟ್ಟುವುದು ಬರುತ್ತಿತ್ತು. ಜಗಳವನ್ನೂ ಅವರು ಕಾಲಿನಂತೆಯೇ ನೋಡುತ್ತಿದ್ದರು. ಮೊದಲು ಮುಟ್ಟಿ ನೋಡುವುದು, ಆಮೇಲೆ ಊತ ಇಳಿಯಲು ಬಿಡುವುದು, ಕೊನೆಗೆ ಕಟ್ಟುವುದು. ದೀಪ ಹಚ್ಚಿಟ್ಟು ಚಾಪೆಯ ಮೇಲೆ ಮೂರು ದಿನ, ನಡುವೆ ಎಂಟೆಂಟು ದಿನ ಬಿಟ್ಟು ಕೂರಿಸುತ್ತಿದ್ದರು. ಎರಡನೆಯ ಸಲ ಇಬ್ಬರನ್ನೂ ಜಗಳದ ಜಾಗಕ್ಕೇ ಕರೆದೊಯ್ದು, ಒಬ್ಬರ ಹೊರೆಯನ್ನು ಇನ್ನೊಬ್ಬರ ತಲೆಗೆ ಹೊರಿಸುತ್ತಿದ್ದರು. ಇದು ಅಲಂಕಾರದ ಮಾತಲ್ಲ. ಒಬ್ಬನ ಎತ್ತು ಇನ್ನೊಬ್ಬನ ಪೈರು ಮೇಯ್ದಾಗ ಎತ್ತಿನವನನ್ನು ಮೂರು ದಿನ ಆ ಪೈರು ಕಾಯಲು ಕೂರಿಸಿದ್ದರು. ಒಪ್ಪಿಗೆಯನ್ನು ಮೂರು ಸಲ ಬೇರೆ ಬೇರೆ ದಿನ ಕೇಳುತ್ತಿದ್ದರು, ಮೂರನೆಯದನ್ನು ಇಬ್ಬರೂ ಉಂಡ ಮೇಲೆ.

ಓಣಿಯ ವಿಷಯದಲ್ಲಿ ಮೊದಲ ದಿನದ ಮಾತು ಮುಗಿದಿತ್ತು. ಬೆಳ್ಯಪ್ಪ ನನ್ನ ಎಸ್ಟೇಟು, ನನ್ನ ಎಸ್ಟೇಟು ಎಂದು ಹತ್ತು ಸಲ ಹೇಳಿದಾಗ ಅಜ್ಜ, “ಎಸ್ಟೇಟ್ ಅಂದಮೇಲೆ ಲೆಕ್ಕ ಬರಿಯಕ್ಕೆ ರೈಟರ್ ಬೇಕಲ್ಲ ಮಾರಾಯ. ಯಾರನ್ನ ಇಟ್ಟಿದೀಯ, ನಿನ್ನ ಎಮ್ಮೆಯನ್ನಾ?” ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ಎಂಟು ದಿನ ಬಿಟ್ಟು ಅಗೆಯ ಕಟ್ಟನ್ನು ಬೆಳ್ಯಪ್ಪನ ತಲೆಗಿಟ್ಟು ಸುತ್ತು ರಸ್ತೆಯಲ್ಲಿ ನಡೆಸುವುದೆಂದು ನಿಶ್ಚಯವಾಗಿತ್ತು. ನಕ್ಕವರ ಮುಂದೆ ಹೊರೆ ಹೊರಲು ಅವನಿಗೆ ಮನಸ್ಸಿರಲಿಲ್ಲ. ಎಂಟು ದಿನ ತುಂಬುವ ಮೊದಲೇ ರಾಜಿ ರಾಯರನ್ನು ಕರೆತಂದ.

ರಾಜಿ ರಾಯರೆಂಬುದು ಜನ ಇಟ್ಟ ಹೆಸರು. ಅವರು ಮೈಸೂರು ಕಡೆಯ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿ, ರಾಜಿ ಮಾಡಿಸುವುದನ್ನೇ ವೃತ್ತಿಯಾಗಿಸಿಕೊಂಡು ಊರೂರು ತಿರುಗುತ್ತಿದ್ದವರು. ಅವರಿಗೆ ಅನ್ಯಾಯ ಮಾಡಿ ಬರೆಯಬಾರದು. ಒಂದೇ ಮೊಕದ್ದಮೆಗೆ ಅಪ್ಪ, ಮಗ, ಮೊಮ್ಮಗ ಮೂವರೂ ಮೆಟ್ಟಿಲು ಹತ್ತಿ ಸವೆದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಎಂಥ ರಾಜಿಯಾದರೂ ಮೊಕದ್ದಮೆಗಿಂತ ಮೇಲೆಂಬುದು ಅವರ ಪ್ರಾಮಾಣಿಕವಾದ ನಂಬಿಕೆ. ಆದರೆ ಅವರ ವಿಧಾನ! ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸುವುದು, ಇಬ್ಬರಿಗೂ ಬೇರೆ ಬೇರೆಯಾಗಿ ನ್ಯಾಯಾಲಯದ ಭಯ ಹುಟ್ಟಿಸುವುದು, ಯಾರು ಬೇಗ ಹೆದರುತ್ತಾರೋ ಅವರ ಕಡೆಯಿಂದ ಗಂಟು ಬಿಗಿಯುವುದು. ಮೇಜಿನ ಮೇಲೆ ಒಂದು ಗಡಿಯಾರ. “ಏನ್ ಪಂಡಿತರೇ, ಊಟದ ಹೊತ್ತಿಗೆ ಮುಗಿಸಿಬಿಡೋಣ,” ಎಂದು ನನಗೆ ಹೇಳಿದರು, ಹುಲ್ಲು ಕೊಯ್ಯುವ ಮಾತಾಡುವವರಂತೆ.

ನಾನೇಕೆ ಅಲ್ಲಿದ್ದೆ? ಪತ್ರ ಬರೆಯಲು. ಇಷ್ಟೇ ಆಗಿದ್ದರೆ ನನ್ನ ಪಾಪ ಅರ್ಧ. ಅಜ್ಜ ಹೇಳಿದ ದಿನದವರೆಗೆ ಕಾಯುತ್ತೇನೆಂದು ಕೂತಿದ್ದ ಚಿನ್ನಮ್ಮಕ್ಕನ ಮನೆಗೆ ಹೋಗಿ, ಇವರು ಕಾನೂನು ಬಲ್ಲವರು, ಬನ್ನಿ ಅಕ್ಕ ಎಂದು ಕರೆತಂದವನೂ ನಾನೇ. ಓದಿದವನೊಬ್ಬ ಓದದ ಅಜ್ಜನಿಗಿಂತ ಮೇಲೆಂಬುದರಲ್ಲಿ ನನಗೆ ಆಗ ಸಂದೇಹವೇ ಇರಲಿಲ್ಲ.

ಭಾನುವಾರ, ನಮ್ಮ ಶಾಲೆ. ಬೆಳ್ಯಪ್ಪ ನಾಲ್ಕನೆಯ ತರಗತಿಯಲ್ಲಿ, ಚಿನ್ನಮ್ಮಕ್ಕ ಮೂರನೆಯ ತರಗತಿಯ ಪುಟ್ಟ ಬೆಂಚಿನ ಮೇಲೆ. ರಾಯರು ಆ ಕಡೆ ಈ ಕಡೆ ಓಡಾಡಿದರು. ಮಡಿಕೇರಿಯ ನ್ಯಾಯಾಲಯಕ್ಕೆ ಎಷ್ಟು ಸಲ ಹೋಗಬೇಕಾಗುತ್ತದೆಂದು ಚಿನ್ನಮ್ಮಕ್ಕನಿಗೆ ಹೇಳಿದರು. ಗಂಡ ಸತ್ತ ಹೆಂಗಸು ಓಣಿಯಲ್ಲಿ ಯಾವ ಹೊತ್ತಿನಲ್ಲಿ ಯಾರ ಜೊತೆ ಹೋಗುತ್ತಾಳೆಂದು ತುಂಬಿದ ನ್ಯಾಯಾಲಯದಲ್ಲಿ ವಕೀಲ ಕೇಳುತ್ತಾನೆಂದೂ ಮೆಲುದನಿಯಲ್ಲಿ, ತಂದೆಯಂತೆ ಹೇಳಿದರು. ಆಮೇಲೆ ರಾಜಿಯ ಮಾತು: ಓಣಿಯನ್ನು ಬಿಟ್ಟುಕೊಡುವುದು, ಸುತ್ತು ರಸ್ತೆಯಲ್ಲಿ ಬರಲಾಗದಿದ್ದರೆ ಗದ್ದೆಯನ್ನು ಮೈದುನನೇ ಮಾಡಿ ಭತ್ತವನ್ನು ಮನೆಬಾಗಿಲಿಗೆ ಮುಟ್ಟಿಸುವುದು.

ಚಿನ್ನಮ್ಮಕ್ಕ ಬಹಳ ಹೊತ್ತು ಕಪ್ಪು ಹಲಗೆಯನ್ನು ನೋಡುತ್ತಿದ್ದರು. ಅದರ ಮೇಲೆ ಶನಿವಾರ ನಾನೇ ಬರೆದ ವಿಭಕ್ತಿಪ್ರತ್ಯಯಗಳಿದ್ದವು. ಕೊನೆಗೆ, “ಆಯ್ತು,” ಎಂದರು.

ಏರದ, ಇಳಿಯದ ಅದೇ ದನಿ. ನನ್ನ ಕಿವಿಗೆ ಅದು ತಿಳಿಯಿತು. ಸುಳ್ಳು ಹೇಳಲಾರೆ, ತಿಳಿಯಿತು. ರಾಯರು ಗಡಿಯಾರ ನೋಡಿ, “ಒಪ್ಪಿದರು, ಬರೀರಿ,” ಎಂದರು. ನಾನು ಬರೆದೆ. ‘ಸ್ವಸಂತೋಷದಿಂದಲೂ ಪರಸ್ಪರ ಸೌಹಾರ್ದದಿಂದಲೂ ಸಮ್ಮತಿಸಿ’ ಎಂದು ಬರೆದೆ. ಹನ್ನೆರಡು ಕ್ರಿಯಾಪದಗಳನ್ನು ಒಂದೇ ದಾರದಲ್ಲಿ ಪೋಣಿಸಿದ ವಾಕ್ಯ, ಎಲ್ಲಿಯೂ ಕತ್ತರಿಸಿರಲಿಲ್ಲ. ರಾಯರು ಭೇಷ್ ಎಂದಾಗ ನಾನು ಉಬ್ಬಿದೆ.

ಪತ್ರವನ್ನು ಚಿನ್ನಮ್ಮಕ್ಕನ ಮುಂದೆ ಹಿಡಿದೆ.

“ಇದು ನೀವೇ ಬರ್ದದ್ದಾ, ಮಾಷ್ಟ್ರೆ?”

“ಹೌದು ಅಕ್ಕ. ಓದಲಾ?”

“ಬೇಡ. ನೀವು ಬರ್ದದ್ದಾದ್ರೆ ಸರಿ ಉಟ್ಟು.”

ಆ ‘ಉಟ್ಟು’ವನ್ನು ನಾನು ತಿದ್ದಲಿಲ್ಲ. ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಊಟದ ಹೊತ್ತಿಗೆ ಇನ್ನೂ ಹತ್ತು ನಿಮಿಷ ಉಳಿದಿತ್ತು.

ಸೋಮವಾರ ಪಳಂಗಪ್ಪಜ್ಜ ಶಾಲೆಗೆ ಬಂದರು. ನಾನು ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಚಿನ್ನಮ್ಮ ಎಂತ ಹೇಳಿದ್ಲು ಎಂದು ಕೇಳಿದರು. ಅಜ್ಜ, ಅವರು ಆಯ್ತು ಎಂದರು, ಎಂದೆ.

“ಯಾವ ಆಯ್ತು?”

ನಾನು ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ತೆರೆದೆ.

“ಕೇಳಿದ್ದಕ್ಕೆ ಹೇಳಿ ಮಾಷ್ಟ್ರೆ. ಒಪ್ಪಿದ ಆಯ್ತಾ, ಮುಗ್ದ ಆಯ್ತಾ? ನೀವು ಪಂಡಿತರಲ್ವಾ?”

ನೆನೆದರೆ ಈಗಲೂ ಮೈ ಉರಿಯುತ್ತದೆ. ಕಾನೂನಿನಲ್ಲಿ ಎರಡಕ್ಕೂ ಭೇದವಿಲ್ಲ ಅಜ್ಜ, ಎಂದು ನಾನು ಉತ್ತರ ಕೊಟ್ಟೆ. ಇಪ್ಪತ್ತೇಳು ವರ್ಷದವನು, ಎಂಬತ್ತರ ಹಿರಿಯರಿಗೆ. ಅವರು ಅಲ್ಲಿಂದ ಬೆಳ್ಯಪ್ಪನ ಮನೆಗೆ ಹೋಗಿ, ಇನ್ನೊಮ್ಮೆ ಕೂರೋಣ ಎಂದರಂತೆ. ಅವನು ನನ್ನ ಹನ್ನೆರಡು ಕ್ರಿಯಾಪದಗಳನ್ನು ಬಿಚ್ಚಿ ತೋರಿಸಿ, ಇದು ಮೈಸೂರು ರಾಜ್ಯ, ಬರೆದಾಯ್ತು ಎಂದನಂತೆ. ಅಜ್ಜನಿಗೆ ಓದಲು ಬಾರದು. ಆ ಹಾಳೆಯನ್ನು ತಿರುಗಿಸಿ ಹಿಂದುಗಡೆಯನ್ನೂ ನೋಡಿ ಕೊಟ್ಟರೆಂದು ಕಂಡವರು ಹೇಳಿದರು.

ಆ ವಾರವೇ ಓಣಿಗೆ ಅಡ್ಡವಾಗಿ ಬೇಲಿಯ ತಂತಿ ಬಿಗಿದರು. ಮೊಸರು ಮಾತ್ರ ನಿಲ್ಲಲಿಲ್ಲ. ನಿಂತಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು. ಸುತ್ತು ರಸ್ತೆಯ ಬಿಸಿಲಿನಲ್ಲಿ ಮೂರು ಮೈಲಿ ಬಂದ ಮೊಸರು ನನ್ನ ಕೈ ಸೇರುವಾಗ ಹುಳಿಯಾಗಿರುತ್ತಿತ್ತು. ತರಬೇಡಿ ಎಂದು ನಾನು ಹೇಳಲಿಲ್ಲ. ಹುಳಿ ಮೊಸರನ್ನು ಕಲಸಿಕೊಂಡು ಉಂಡೆ. ಒಂದು ಬೆಳೆಯನ್ನು ಅವರು ಹಾಗೆಯೇ ಹೊತ್ತರು. ಎರಡನೆಯದಕ್ಕೆ ಕುತ್ತಿಗೆ ತಿರುಗದಾಯಿತು. ಗದ್ದೆ ಬೆಳ್ಯಪ್ಪನದಾಯಿತು. ಮೊದಲ ವರ್ಷ ಭತ್ತ ಬಂತು. ಮರುವರ್ಷ, ಬಂದು ಕೇಳಿದರೆ ಕೊಡುತ್ತೇನೆ ಎಂಬ ಮಾತು ಬಂತು. ಚಿನ್ನಮ್ಮಕ್ಕ ಕೇಳಲು ಹೋಗಲಿಲ್ಲ. ತಿತಿಮತಿಯ ಕಡೆಯ ಒಂದು ತೋಟಕ್ಕೆ ಕಾಫಿ ಕೊಯ್ಯಲು ಹೊರಟರು, ತೋಟದ ಕೂಲಿಯವರ ಲೈನಿನಲ್ಲಿ ಒಂದು ಕೋಣೆ ಕೊಡುತ್ತಾರೆಂದು.

ಹೊರಡುವ ದಿನ ಆ ಹಿತ್ತಾಳೆ ಚೊಂಬನ್ನು ತೊಳೆದು ತಂದು ನನಗೇ ಕೊಟ್ಟರು. ತಪ್ಪಾಯಿತು ಅಕ್ಕ ಎನ್ನಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ, “ಬೆಳ್ಯಪ್ಪ ಆ ಪತ್ರ ಎಲ್ಲರ ಎದುರು ಓದಿಸಿದ. ಚಂದ ಬರಿತೀರಿ ಮಾಷ್ಟ್ರೆ,” ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನು ಇಷ್ಟು ವರ್ಷ ಬದುಕುವುದು ಸುಲಭವಾಗುತ್ತಿತ್ತು.

ಕ್ರೋಧವನ್ನು ಗೆಲ್ಲಬೇಕೆನ್ನುವ ಶಾಸ್ತ್ರವನ್ನು ಓದಿದವನು ನಾನು, ಅದನ್ನು ಪಾಠ ಹೇಳಿದವನೂ ಹೌದು. ಗೆದ್ದಿಲ್ಲ. ಆಮೇಲಿನ ವರ್ಷಗಳಲ್ಲಿ ಜನ ನನ್ನನ್ನು ಜಗಳಗಳಿಗೆ ಕರೆದಾಗ ನಾನು ಲೇಖನಿ ಒಯ್ಯಲಿಲ್ಲ. ಯಾವ ಆಯ್ತು ಎಂದು ಕೇಳುತ್ತ ಕೂತೆ. ಕೆಲವರು ಬೇಸತ್ತು ಎದ್ದುಹೋದರು. ಹೋಗಲಿ. ಈಗ ಈ ನುಣುಪಾದ ಹಾಳೆಯ ಕೊನೆಯ ಸಾಲನ್ನು ನೋಡಿ: ‘ಉಭಯ ಪಕ್ಷದವರೂ ಒಪ್ಪಿದ್ದಾರೆ: ಹೌದು, ಇಲ್ಲ’. ಎರಡೇ ಚೌಕ. ಚಿನ್ನಮ್ಮಕ್ಕನನ್ನು ಯಾವ ಚೌಕದಲ್ಲಿ ಕೂರಿಸಲಿ? ಹಾಳೆಯನ್ನು ಹರಿದುಹಾಕಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ.

ಹರಿಯಲಿಲ್ಲ. ಹರಿದರೆ, ಮೊನ್ನೆ ಆ ಹುಡುಗಿಗೆ ನಾನು ಹೇಳಿದ್ದು ಮುಗಿದ ಆಯ್ತು ಎಂದಾಗುತ್ತದೆ. ಈ ವಯಸ್ಸಿನಲ್ಲಿ ಅದನ್ನು ಒಪ್ಪಿದ ಆಯ್ತು ಮಾಡುವುದೊಂದೇ ನನ್ನ ಕೈಯಲ್ಲಿರುವ ಕೆಲಸ. ಬೆಳಗಿನ ಪೂಜೆ ಮುಗಿಸಿ, ಅದೇ ಚೊಂಬಿನ ನೀರು ಕುಡಿದು ಕೂತು, ‘ಹಿನ್ನೆಲೆ’ ಎಂಬಲ್ಲಿ ಬರೆದೆ: ಒಬ್ಬ ಹೆಂಗಸಿನ ಓಣಿಯನ್ನು ಚಂದದ ಕನ್ನಡದಲ್ಲಿ ಮುಚ್ಚಿದವನು. ‘ವಿಧಾನ’ ಎಂಬಲ್ಲಿ, ಪಳಂಗಪ್ಪಜ್ಜನ ಎರಡು ಶಬ್ದಗಳು: ಯಾವ ಆಯ್ತು? ಎರಡೂ ಪುಟ್ಟ ವಾಕ್ಯಗಳು, ಒಂದನ್ನೂ ಪೋಣಿಸಲಿಲ್ಲ.

ಊತ ಇಳಿಯುವವರೆಗೆ ಕಾಯಬಲ್ಲವರಾಗಿದ್ದ ಆ ಅಜ್ಜನಿಗೆ ಒಳಿತಾಗಲಿ. ಮೊಕದ್ದಮೆಗೆ ಹೆದರಿ ನಮ್ಮನ್ನೂ ಹೆದರಿಸಿದ ರಾಯರಿಗೆ, ಎಲ್ಲಿದ್ದರೂ, ಗಡಿಯಾರವಿಲ್ಲದ ಒಂದು ಮಧ್ಯಾಹ್ನ ಸಿಗಲಿ. ಈ ಹಾಳೆಯನ್ನು ಓದುವ ಹೊಸ ಮಧ್ಯಸ್ಥರ ಕಿವಿ ಚುರುಕಾಗಿರಲಿ. ಚಿನ್ನಮ್ಮಕ್ಕ ನಡೆಯುವ ದಾರಿ ಯಾವ ಲೋಕದಲ್ಲಾದರೂ ನೇರವಾಗಿರಲಿ, ತಲೆಯ ಮೇಲೆ ಹೊರೆ ಇಲ್ಲದಿರಲಿ. ಬೆಳ್ಯಪ್ಪನವರಿಗೂ, ಈ ಬಹುವಚನವನ್ನು ಬರೆಯಲು ಒಂದು ದಿನ ಪೂರ್ತಿ ಹಿಡಿಯಿತು, ಅವರಿಗೂ ಶಿವನು ಒಳ್ಳೆಯದನ್ನೇ ಮಾಡಲಿ.